ಇಸಾಬೆಲ್ಲಾಳ ಹಿತ್ತಿಲ ಬಳ್ಳಿ

ಸವಣೂರಿನ ಎಲೆತೋಟದಲ್ಲಿ ಯಾರೂ ಬೀಜ ಬಿತ್ತುವುದಿಲ್ಲ. ಹಳೆಯ ಬಳ್ಳಿಯ ತುಂಡನ್ನು ಊರಿದರೆ ಅದೇ ಬಳ್ಳಿ, ಅದೇ ರುಚಿ ಮುಂದುವರಿಯುತ್ತದೆ. ದ್ರಾಕ್ಷಿಯ ವಂಶವೂ ಬೆಳೆಯುವುದು ಹೀಗೆಯೇ. ಹಾಗಾಗಿ ಬೆಂಗಳೂರಿನ ತಳ್ಳುಗಾಡಿಗಳಲ್ಲಿ ಸಿಗುವ ‘ಬೆಂಗಳೂರು ಬ್ಲೂ’ ದ್ರಾಕ್ಷಿಗೂ ಇಟಲಿಯ ವೆನೆತೊ ಸೀಮೆಯಲ್ಲಿ ಬುರುಬುರು ನೊರೆಯೇಳುವ ಫ್ರಾಗೊಲಿನೊ ವೈನಿನ ದ್ರಾಕ್ಷಿಗೂ ಮೂಲ ಒಂದೇ ಗಿಡ.

ಆ ಗಿಡ ಕಣ್ಣಿಗೆ ಬಿದ್ದದ್ದು 1816ರಲ್ಲಿ, ಅಮೆರಿಕದ ಬ್ರೂಕ್ಲಿನ್‌ನಲ್ಲಿ. ಕರ್ನಲ್ ಜಾರ್ಜ್ ಗಿಬ್ಸ್ ಮನೆಯ ತೋಟದಲ್ಲಿ ಹಬ್ಬಿದ್ದ ಬಳ್ಳಿಯಿಂದ ಫ್ಲಶಿಂಗ್ ಊರಿನ ಸಸಿ ವ್ಯಾಪಾರಿ ವಿಲಿಯಂ ಪ್ರಿನ್ಸ್ ತುಂಡುಗಳನ್ನು ಕೊಂಡೊಯ್ದ. ಗಿಬ್ಸ್ ಹೆಂಡತಿಯ ಹೆಸರು ಇಸಾಬೆಲ್ಲಾ. ಬಳ್ಳಿಗೂ ಅದೇ ಹೆಸರಾಯಿತು. ಅದು ದಕ್ಷಿಣದ ಕೆರೊಲಿನಾ ಕಡೆಯಿಂದ ಬಂದದ್ದೆಂದು ಪ್ರಿನ್ಸ್ ನಂಬಿದ್ದ. ಯಾವ ವಿಜ್ಞಾನಿಯೂ ಕೂಡಿಸಿ ಹುಟ್ಟಿಸಿದ ತಳಿ ಇದಲ್ಲ. ಅಮೆರಿಕದ ಕಾಡುದ್ರಾಕ್ಷಿ ಲ್ಯಾಬ್ರುಸ್ಕಾ ಮತ್ತು ಯುರೋಪಿನ ಯಾವುದೋ ಬಳ್ಳಿಯ ಪರಾಗ ತಾವಾಗಿಯೇ ಬೆರೆತು, ಬಿದ್ದ ಬೀಜವೊಂದು ಮೊಳೆತು ಆದದ್ದು. ಪ್ರಿನ್ಸ್ ಮಾಡಿದ್ದು ಗುರುತಿಸಿದ್ದು ಮಾತ್ರ. ನನ್ನ ಲೆಕ್ಕದಲ್ಲಿ ಅದೇನೂ ಸಣ್ಣ ಕೆಲಸವಲ್ಲ.

ಹಿಸುಕಿದರೆ ದಪ್ಪ ಸಿಪ್ಪೆ ಕೈಯಲ್ಲುಳಿದು ತಿರುಳು ಜಾರಿ ಬಾಯಿಗೆ ಬೀಳುವುದು, ಜೊತೆಗೊಂದು ಗಡುಸಾದ ಪರಿಮಳ, ಇವೆಲ್ಲ ಕಾಡಿನ ಕಡೆಯ ಬಳುವಳಿ. ಆ ಪರಿಮಳದಲ್ಲಿ ಇಟಲಿಯವರಿಗೆ ಸ್ಟ್ರಾಬೆರಿ ಕಂಡಿತು. ಫ್ರಾನ್ಸಿನವರು ಮೂಗು ಮುರಿದರು.

ಮೂಗು ಮುರಿದರೂ ನೆಟ್ಟರು, ಗತಿಯಿರಲಿಲ್ಲ. 1850ರ ದಶಕದಲ್ಲಿ ಬೂದಿರೋಗ ಯುರೋಪಿನ ತೋಟಗಳನ್ನು ಹಾಳುಗೆಡವಿದಾಗ, ಆ ರೋಗ ತಡೆದುಕೊಳ್ಳುವ ಅಮೆರಿಕದ ಬಳ್ಳಿಗಳನ್ನು ಹಡಗಿನಲ್ಲಿ ತರಿಸಿದರು. ಇಸಾಬೆಲ್ಲಾ ಅವುಗಳಲ್ಲೊಂದು. ವಿಪರ್ಯಾಸವೆಂದರೆ, ಹಾಗೆ ತರಿಸಿದ ಬಳ್ಳಿಗಳ ಬೇರಿಗಂಟಿಯೇ ಫಿಲಾಕ್ಸೆರಾ ಎಂಬ ಹೇನೂ ಬಂದಿಳಿದು, 1860ರ ದಶಕದಿಂದಾಚೆ ಇನ್ನೂ ದೊಡ್ಡ ಅನಾಹುತ ಮಾಡಿತು. 1930ರ ದಶಕದಲ್ಲಿ ವೈನ್ ಕೊಳ್ಳುವವರಿಲ್ಲದೆ ಉಳಿದಾಗ ಫ್ರಾನ್ಸ್ ಇಸಾಬೆಲ್ಲಾ ಸೇರಿ ಆರು ತಳಿಗಳನ್ನು ನಿಷೇಧಿಸಿತು. ಇಟಲಿಯಲ್ಲೂ ಇದರ ವೈನ್ ಮಾರುವಂತಿಲ್ಲ, ಮನೆಮಟ್ಟಿಗೆ ಮಾಡಿ ಕುಡಿಯಬಹುದು. ಅಂಗಡಿಯ ಫ್ರಾಗೊಲಿನೊ ಬಹುಪಾಲು ಬೇರೆ ವೈನಿಗೆ ಪರಿಮಳ ಬೆರೆಸಿದ್ದು.

ಮನೆಯದಕ್ಕೆ ನೊರೆ ಬರುವ ಬಗೆ ಸರಳ. ಚಳಿಗೆ ಹುದುಗು ಅರ್ಧಕ್ಕೇ ನಿಲ್ಲುತ್ತದೆ. ಸಕ್ಕರೆ ಇನ್ನೂ ಉಳಿದಿರುವಾಗ ಸೀಸೆಗೆ ತುಂಬಿ ಬಿರಡೆ ಹಾಕುತ್ತಾರೆ. ಬಿಸಿಲು ಏರಿದಂತೆ ಯೀಸ್ಟ್ ಎಚ್ಚೆತ್ತು ಉಳಿದ ಸಕ್ಕರೆ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಹೊರಹೋಗಲು ದಾರಿಯಿಲ್ಲದ ಅನಿಲ ವೈನಿನಲ್ಲೇ ಕರಗಿ ಕೂರುತ್ತದೆ. ಸೀಸೆ ತೆಳುವಾಗಿದ್ದರೆ ಒಡೆಯುವುದೂ ಉಂಟು.

ನಮ್ಮಲ್ಲಿ ಈ ಬಳ್ಳಿ ನೆಲೆಯೂರಿದ್ದು ನಂದಿ ಬೆಟ್ಟದ ಸುತ್ತ, ಚಿಕ್ಕಬಳ್ಳಾಪುರ, ದೇವನಹಳ್ಳಿ, ದೊಡ್ಡಬಳ್ಳಾಪುರದ ಚಪ್ಪರಗಳಲ್ಲಿ. ಯುರೋಪಿನ ಚಳಿಗೆ ವರ್ಷಕ್ಕೊಂದೇ ಫಸಲು; ಇಲ್ಲಿ ಎರಡು ಸಲ ಬಳ್ಳಿ ಸವರಿ ಎರಡು ಬೆಳೆ ತೆಗೆಯುತ್ತಾರೆ. ಹಣ್ಣು ಹೆಚ್ಚಾಗಿ ಹೋಗುವುದು ತಿನ್ನಲಿಕ್ಕೆ, ಜ್ಯೂಸಿಗೆ, ಜಾಮಿಗೆ, ಸಿಹಿ ಪೋರ್ಟ್ ವೈನಿಗೆ. ನೊರೆಯ ವೈನಿನ ಗೋಜಿಗೆ ಹೋಗುವವರು ಕಡಿಮೆ. 2013ರಲ್ಲಿ ‘ಬೆಂಗಳೂರು ಬ್ಲೂ’ಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಬ್ರೂಕ್ಲಿನ್‌ನ ಹಿತ್ತಿಲ ಬಳ್ಳಿಗೆ ಬೆಂಗಳೂರಿನ ವಿಳಾಸ ಹೀಗೆ ಸರ್ಕಾರಿ ಕಾಗದದಲ್ಲೇ ದಾಖಲಾಗಿದೆ. ಯುರೋಪು ದೂರವಿಟ್ಟ ಪರಿಮಳವನ್ನೇ ಇಲ್ಲಿಯ ಗಿರಾಕಿ ಮೂಸಿ ನೋಡಿ ಕೊಳ್ಳುತ್ತಾನೆ.