ಸೋಮವಾರದ ಮಾತ್ರೆ, ಶುಕ್ರವಾರದ ರಕ್ತ

ಎಂಬತ್ತರ ಅಜ್ಜಿಯೊಬ್ಬರು ಸೋಮವಾರ ರಾತ್ರಿ ಹತ್ತಕ್ಕೆ ಮಂಪರು ತರುವ ಒಂದು ಡಯಾಜೆಪಾಮ್ ಮಾತ್ರೆ ನುಂಗಿ ಮಲಗಿದರು ಎನ್ನಿ. ಶುಕ್ರವಾರ ಸಂಜೆ ನಾಲ್ಕಕ್ಕೆ ಕಾಫಿ ಕುಡಿಯುತ್ತಿರುವಾಗಲೂ ಅದರಲ್ಲಿ ಹೆಚ್ಚುಕಡಿಮೆ ಅರ್ಧ ಅವರ ಮೈಯಲ್ಲೇ ಇರುತ್ತದೆ! ಇಪ್ಪತ್ತರ ಮೊಮ್ಮಗಳು ಅದನ್ನೇ ನುಂಗಿದ್ದರೆ ಮಂಗಳವಾರ ಸಂಜೆ ಆರಕ್ಕೇ ಅರ್ಧ ಖಾಲಿ.

ಇದನ್ನು 1975ರಲ್ಲಿ ಅಳೆದು ತೋರಿಸಿದವರು ಅಮೆರಿಕದ ನ್ಯಾಶ್‌ವಿಲ್‌ನಲ್ಲಿದ್ದ ಉಲ್ರಿಚ್ ಕ್ಲಾಟ್ಸ್ ಮತ್ತು ಸಂಗಡಿಗರು. ರಕ್ತದಲ್ಲಿರುವ ಔಷಧ ಅರ್ಧಕ್ಕಿಳಿಯಲು ಹಿಡಿಯುವ ಹೊತ್ತು, ಅಂದರೆ ಅರ್ಧಾಯು, 20ರ ವಯಸ್ಸಿನಲ್ಲಿ ಸುಮಾರು 20 ಗಂಟೆ. 80ರಲ್ಲಿ ಸುಮಾರು 90. ನಡುವಿನ ಗೆರೆ ನೆಟ್ಟಗೆ ಏರುತ್ತದೆ. ಎಷ್ಟು ವರ್ಷವೋ ಸರಿಸುಮಾರು ಅಷ್ಟೇ ಗಂಟೆ! ಮನುಷ್ಯನ ಮೈ ಇಷ್ಟು ಸಲೀಸಾದ ಲೆಕ್ಕ ಕೊಡುವುದು ತೀರಾ ಅಪರೂಪ.

ವಯಸ್ಸಾದ ಲಿವರ್ ಸೋಮಾರಿಯಾಯಿತು ಎಂದುಕೊಂಡಿರಾ? ಅಲ್ಲವೇ ಅಲ್ಲ. ಆರೋಗ್ಯವಂತರಲ್ಲಿ ಔಷಧವನ್ನು ತೆರವು ಮಾಡುವ ವೇಗಕ್ಕೂ ವಯಸ್ಸಿಗೂ ಸಂಬಂಧವೇ ಕಾಣಲಿಲ್ಲ. ಬದಲಾದದ್ದು ಮದ್ದು ಅಡಗುವ ಜಾಗ. ವಯಸ್ಸಾದಂತೆ ಸ್ನಾಯು, ನೀರು ಇಳಿದು ಕೊಬ್ಬಿನ ಪಾಲು ಏರುತ್ತದೆ. ತೂಕದ ಮುಳ್ಳು ಅಲ್ಲಾಡದೆಯೂ ಇರಬಹುದು. ಡಯಾಜೆಪಾಮ್ ಕೊಬ್ಬಿನಲ್ಲಿ ಕರಗುವ ಮದ್ದು. ಅಲ್ಲಿ ಹೋಗಿ ಸೇರಿಕೊಂಡು, ಚೂರುಚೂರೇ ರಕ್ತಕ್ಕೆ ಮರಳುತ್ತದೆ. ರಕ್ತಕ್ಕೆ ಬಂದಷ್ಟನ್ನೇ ಅಲ್ಲವೇ ಲಿವರ್ ಹಿಡಿಯಬಲ್ಲದು!

ದಿನಾ ರಾತ್ರಿ ಒಂದೊಂದು ನುಂಗಿದರೆ? ಆ ಅರ್ಧಾಯುವನ್ನೇ ಇಟ್ಟುಕೊಂಡು ಲೆಕ್ಕ ಹಾಕಿದರೆ, ಮೊಮ್ಮಗಳ ಮೈಯಲ್ಲಿ ಎರಡು ಮಾತ್ರೆಯಷ್ಟೂ ಕೂಡುವುದಿಲ್ಲ. ಅಜ್ಜಿಯಲ್ಲಿ ಸುಮಾರು ಆರು! ಅದೂ ಒಂದೇ ದಿನಕ್ಕಲ್ಲ, ಎರಡೂವರೆ ವಾರ ದಾಟಿದ ಮೇಲೆ. ಮೊದಲ ವಾರ ಗಟ್ಟಿಯಾಗಿ ಓಡಾಡಿದವರು ಮೂರನೆಯ ವಾರ ಬಚ್ಚಲಿಗೆ ಹೋಗುವಾಗ ತೂರಾಡಿದರೆ ಈ ಹಳೆಯ ಮಾತ್ರೆಯ ಮೇಲೆ ಯಾರಿಗೆ ಅನುಮಾನ ಬಂದೀತು? (ಗಾಬರಿಬಿದ್ದು ತಟ್ಟನೆ ನಿಲ್ಲಿಸಲೂ ಬಾರದು; ವೈದ್ಯರೇ ಹಂತಹಂತವಾಗಿ ಇಳಿಸಬೇಕು.)

ನೀರಿನಲ್ಲಿ ಕರಗುವ ಮದ್ದುಗಳದ್ದು ಉಲ್ಟಾ ಕಥೆ: ಮೈಯಲ್ಲಿ ನೀರು ಕಡಿಮೆ, ಹಾಗಾಗಿ ರಕ್ತದಲ್ಲಿ ಮದ್ದಿನ ಸಾಂದ್ರತೆ ಜಾಸ್ತಿ. ಅವುಗಳಲ್ಲಿ ಎಷ್ಟೋ ಹೊರಹೋಗುವುದು ಕಿಡ್ನಿಯಿಂದ. ಅಲ್ಲಂತೂ ಲ್ಯಾಬ್ ರಿಪೋರ್ಟೇ ಕಣ್ಣಿಗೆ ಮಣ್ಣೆರಚುತ್ತದೆ! ಕಿಡ್ನಿಯ ಕೆಲಸ ಅಳೆಯಲು ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುವಿನಿಂದ. ಕಿಡ್ನಿ ಸೋತಂತೆ ಅದು ಏರಬೇಕು, ಆದರೆ ಸ್ನಾಯುವೇ ಸೊರಗಿರುವುದರಿಂದ ಎಷ್ಟೋ ಸಲ ಏರುವುದೇ ಇಲ್ಲ. 1976ರಲ್ಲಿ ಕಾಕ್‌ಕ್ರಾಫ್ಟ್ ಮತ್ತು ಗಾಲ್ಟ್ ಕೊಟ್ಟ ಸೂತ್ರ ಇದನ್ನು ಬಯಲು ಮಾಡುತ್ತದೆ: 140ರಿಂದ ವಯಸ್ಸು ಕಳೆದು, ತೂಕದಿಂದ ಗುಣಿಸಿ, ಕ್ರಿಯಾಟಿನಿನ್‌ನ 72 ಪಟ್ಟಿನಿಂದ ಭಾಗಿಸಿ. 60 ಕಿಲೋ ತೂಗುವ ಇಬ್ಬರು ಗಂಡಸರು. ಕಿಡ್ನಿಯ ತೆರವಿನ ವೇಗವಾಗಿ 30ರವನಿಗೆ ಬರುವ ಉತ್ತರ ನಿಮಿಷಕ್ಕೆ 92 ಮಿಲಿಲೀಟರ್, 80ರವರಿಗೆ 50. ರಿಪೋರ್ಟಿನಲ್ಲಿ ಮಾತ್ರ ಇಬ್ಬರ ಕ್ರಿಯಾಟಿನಿನ್ನೂ 1.0, ಇಬ್ಬರದ್ದೂ ‘ನಾರ್ಮಲ್’!