ನೀರೊಲ್ಲದ ಮರ ನೀರಿಗೆ ಒಲಿದಾಗ

ನೂರಡಿ ಎತ್ತರದ ಮರದ ತುದಿಯೆಲೆಗೂ ನೀರು ತಲುಪುತ್ತದಲ್ಲ, ಅದರ ಹಿಂದೆ ನೀರೆಂದರೆ ಆಗದ ಪದಾರ್ಥವೊಂದಿದೆ! ಲಿಗ್ನಿನ್. ನೀರು ಹರಿಯುವ ನಾಳಗಳ ಗೋಡೆಯಲ್ಲಿ ಬಿಗಿಯಾಗಿ ಕೂತು, ಮೇಲಿನ ಸೆಳೆತಕ್ಕೆ ನಾಳ ಕುಸಿಯದಂತೆ, ನೀರು ಗೋಡೆಯಲ್ಲೇ ಇಂಗಿಹೋಗದಂತೆ ಕಾಯುವುದು ಅದೇ. ಒಣಮರದ ತೂಕದಲ್ಲಿ ಸುಮಾರು ಶೇ. 20ರಿಂದ 30ರಷ್ಟು ಪಾಲು ಅದರದ್ದು. ಮರದ ಹೊಟ್ಟನ್ನು ಎಷ್ಟು ದಿನ ನೆನೆಹಾಕಿದರೂ ಅದು ಕರಗುವುದಿಲ್ಲ.

ಈ ಹಟಮಾರಿಯನ್ನು ಒಲಿಸಿಕೊಳ್ಳಲು ಎಷ್ಟು ಸಣ್ಣ ಬದಲಾವಣೆ ಸಾಕು ನೋಡಿ!

ಕಾಗದದ ಕಾರ್ಖಾನೆಗಳಲ್ಲಿ ಮರದ ಚಕ್ಕೆಗಳನ್ನು ಕಾಸ್ಟಿಕ್ ಸೋಡಾ, ಸೋಡಿಯಂ ಸಲ್ಫೈಡ್ ಜೊತೆ ಬೇಯಿಸುತ್ತಾರೆ. ಇದು ಕ್ರಾಫ್ಟ್ ವಿಧಾನ. ಲಿಗ್ನಿನ್ ತುಂಡಾಗಿ ಕರಗಿ ಕಪ್ಪು ದ್ರಾವಣವಾಗುತ್ತದೆ. ಆದರೆ ಈ ಸ್ನೇಹ ಕ್ಷಾರ ಇರುವ ತನಕ ಮಾತ್ರ. ಆಮ್ಲ ಬೆರೆಸಿದರೆ ಹಾಲು ಒಡೆದ ಹಾಗೆ ಕಂದು ಗಸಿ ಬೇರ್ಪಡುತ್ತದೆ. ಕ್ಷಾರದಲ್ಲಿ ಜಲಜನಕವನ್ನು ಕಳೆದುಕೊಂಡು ಋಣ ವಿದ್ಯುದಂಶ ಪಡೆದಿದ್ದ ಫೀನಾಲ್ ಗುಂಪುಗಳು, ಆಮ್ಲ ಬಂದದ್ದೇ ಜಲಜನಕವನ್ನು ಮರಳಿ ಹಿಡಿದುಕೊಳ್ಳುತ್ತವೆ. ವಿದ್ಯುದಂಶ ಹೋಯಿತು, ನೀರಿನ ನಂಟೂ ಹೋಯಿತು.

ಇನ್ನು ಅದೇ ಚಕ್ಕೆಗಳನ್ನು ಸಲ್ಫೈಟ್ ದ್ರಾವಣದಲ್ಲಿ ಬೇಯಿಸಿ! ಲಿಗ್ನಿನ್ನಿನ ಪಕ್ಕಸರಪಳಿಗೆ ಒಂದು ಗಂಧಕ, ಮೂರು ಆಮ್ಲಜನಕದ ಪರಮಾಣುಗಳಿರುವ ಸಲ್ಫೊನೇಟ್ ಗುಂಪು ಅಂಟಿಕೊಳ್ಳುತ್ತದೆ. ಲಿಗ್ನಿನ್ ಸರಪಳಿಯ ಪ್ರತಿ ಘಟಕಕ್ಕೂ ಒಂದೊಂದು ಬೇಕಿಲ್ಲ, ಸುಮಾರು ಎರಡು ಘಟಕಕ್ಕೆ ಒಂದಿದ್ದರೆ ಸಾಕು. ಹೀಗೆ ಹುಟ್ಟಿದ ಲಿಗ್ನೊಸಲ್ಫೊನೇಟಿನ ಕಂದು ಪುಡಿಯನ್ನು ಲೋಟದ ನೀರಿಗೆ ಹಾಕಿ ಕಲಕಿದರೆ ಕರಗಿಯೇ ಬಿಡುತ್ತದೆ. ಕ್ಷಾರ ಬೇಡ. ಹುಳಿ ಬೆರೆಸಿದರೂ ಒಡೆಯುವುದಿಲ್ಲ, ಏಕೆಂದರೆ ಸಲ್ಫೊನೇಟ್ ತನ್ನ ವಿದ್ಯುದಂಶವನ್ನು ಆಮ್ಲದಲ್ಲೂ ಬಿಟ್ಟುಕೊಡುವುದಿಲ್ಲ.

ನನ್ನನ್ನು ಮೂಕವಿಸ್ಮಿತನನ್ನಾಗಿ ಮಾಡುವುದು ಇದರ ಮುಂದಿನ ಮಾತು. ಕರಗಿದ ಲಿಗ್ನಿನ್ ತನ್ನ ಹಳೆಯ ಗುಣವನ್ನು ಮರೆತಿಲ್ಲ! ಅದರ ನೀರನ್ನು ಒಲ್ಲದ ಇಂಗಾಲದ ಉಂಗುರಗಳು ಆದಷ್ಟು ಒಳಕ್ಕೆ ಮುದುಡುತ್ತವೆ, ನೀರನ್ನು ಬಯಸುವ ಸಲ್ಫೊನೇಟುಗಳು ಹೊರಮೈಗೆ ಬರುತ್ತವೆ. ಒಂದೇ ಅಣುವಿನಲ್ಲಿ ಎರಡು ಸ್ವಭಾವ. ತಿಳಿನೀರಿನಲ್ಲಿ ಋಣ ಅಂಶಗಳು ಒಂದನ್ನೊಂದು ತಳ್ಳಿ ಅಣು ಉಬ್ಬುತ್ತದೆ. ಉಪ್ಪು ಹಾಕಿದರೆ ಸೋಡಿಯಂ ಅಯಾನುಗಳು ಆ ತಳ್ಳಾಟವನ್ನು ಮರೆಮಾಡುತ್ತವೆ, ಅಣು ಕುಗ್ಗುತ್ತದೆ. ಕಣ್ಣಿಗೆ ಕಾಣದ ಈ ಉಬ್ಬುವಿಕೆ, ಕುಗ್ಗುವಿಕೆ ದ್ರಾವಣದ ಸ್ನಿಗ್ಧತೆಯಲ್ಲಿ ಅಳತೆಗೆ ಸಿಗುತ್ತದೆ!

ಈ ಇಬ್ಬಗೆಯ ಸ್ವಭಾವ ಇಲ್ಲದಿದ್ದರೆ ನಮ್ಮ ತಾರಸಿಗಳ ಕಥೆಯೇ ಬೇರೆಯಾಗುತ್ತಿತ್ತು. ಸಿಮೆಂಟಿನ ಕಣಗಳು ನೀರಿಗೆ ಬಿದ್ದೊಡನೆ ಗುಂಪುಗಟ್ಟಿ ನಡುವೆ ನೀರನ್ನು ಸೆರೆಹಿಡಿಯುತ್ತವೆ. ಕಾಂಕ್ರೀಟು ಗಟ್ಟಿಯಾಗಿ ಕಲಸಲು ಬಾರದು. ಇನ್ನಷ್ಟು ನೀರು ಸುರಿದರೆ ಸುಲಭ, ಆದರೆ ಒಣಗಿದ ಮೇಲೆ ಬಲವಿರದು ಎಂದು ಯಾವ ಮೇಸ್ತ್ರಿಯಾದರೂ ಹೇಳುತ್ತಾರೆ. ಲಿಗ್ನೊಸಲ್ಫೊನೇಟ್ ಕಣಗಳ ಮೈಗೆ ಅಂಟಿ ಎಲ್ಲಕ್ಕೂ ಒಂದೇ ಬಗೆಯ ವಿದ್ಯುದಂಶ ಕೊಡುತ್ತದೆ. ಕಣಗಳು ದೂರ ಸರಿಯುತ್ತವೆ, ಸೆರೆಯಾಗಿದ್ದ ನೀರು ಬಿಡುಗಡೆಯಾಗುತ್ತದೆ! ಶೇ. 5ರಿಂದ 10ರಷ್ಟು ಕಡಿಮೆ ನೀರಿನಲ್ಲೇ ಮಿಶ್ರಣ ಹರಿಯುತ್ತದೆ.

ನಾರ್ವೆಯ ಸಾರ್ಪ್ಸ್‌ಬೊರ್ಗ್ ಊರಿನ ಬೊರೆಗಾರ್ಡ್ ಕಾರ್ಖಾನೆ ಸ್ಪ್ರೂಸ್ ಮರದಿಂದ ಲಿಗ್ನೊಸಲ್ಫೊನೇಟನ್ನಷ್ಟೇ ಅಲ್ಲ, ವೆನಿಲ್ಲಾದ ಘಮವಾದ ವೆನಿಲಿನ್ನನ್ನೂ ತಯಾರಿಸುತ್ತದೆ. ಮನೆಯ ಇನ್ವರ್ಟರಿನ ಸೀಸ-ಆಮ್ಲ ಬ್ಯಾಟರಿಯಲ್ಲೂ ಇದೇ ಲಿಗ್ನೊಸಲ್ಫೊನೇಟ್ ಇದೆ. ಋಣ ಫಲಕದಲ್ಲಿ ಶೇ. 1ಕ್ಕಿಂತ ಕಡಿಮೆ, ಆದರೂ ಅದು ಗಂಧಕಾಮ್ಲದ ನಡುವೆ ಸೀಸದ ಮೈಗೆ ಅಂಟಿಕೊಂಡು, ಚಾರ್ಜು ಮಾಡಿದಾಗಲೆಲ್ಲ ಸೀಸ ಹೆಪ್ಪುಗಟ್ಟದೆ ಮತ್ತೆ ಸ್ಪಂಜಿನಂತೆಯೇ ಬೆಳೆಯುವಂತೆ ನೋಡಿಕೊಳ್ಳುತ್ತದೆ.