ದನಿ ತಗ್ಗಿಸಿದ ಲೆಡ್ ಜೆಪ್ಪೆಲಿನ್

ಲೆಡ್ ಜೆಪ್ಪೆಲಿನ್‌ನ ‘ಇನ್ ಥ್ರೂ ದಿ ಔಟ್ ಡೋರ್’ ಆಲ್ಬಮ್ ಹೊರಬಂದದ್ದು 1979ರ ಆಗಸ್ಟ್‌ನಲ್ಲಿ. ಕಿವಿಗಡಚಿಕ್ಕುವ ಗಿಟಾರಿಗೆ ಹೆಸರಾದ ಬ್ರಿಟಿಷ್ ತಂಡ ಇಲ್ಲಿ ಮೆತ್ತಗಾಗಿದೆ. ಧ್ವನಿಮುದ್ರಣ ಸ್ಟಾಕ್‌ಹೋಮ್‌ನಲ್ಲಿ, ಪಾಪ್ ತಂಡ ಆಬಾದ ಪೋಲಾರ್ ಸ್ಟುಡಿಯೋದಲ್ಲಿ. ಗಿಟಾರ್‌ನ ಜಿಮ್ಮಿ ಪೇಜ್, ಡ್ರಮ್ಸ್‌ನ ಜಾನ್ ಬಾನ್ಹಮ್ ತಡವಾಗಿ ಬರುವಷ್ಟರಲ್ಲಿ ಕೀಬೋರ್ಡ್‌ನ ಜಾನ್ ಪಾಲ್ ಜೋನ್ಸ್ ಮತ್ತು ಗಾಯಕ ರಾಬರ್ಟ್ ಪ್ಲಾಂಟ್ ಹಾಡು ಕಟ್ಟಿಬಿಟ್ಟಿರುತ್ತಿದ್ದರು. ಹಾಗಾಗಿ ಜೋನ್ಸ್ ಅವರ ಯಮಹಾ ಸಿಂಥಸೈಜರ್‌ದೇ ಮೇಲುಗೈ.

1977ರಲ್ಲಿ ತೀರಿಕೊಂಡ ಐದು ವರ್ಷದ ಮಗ ಕರಾಕ್‌ನ ನೆನಪಿಗೆ ಪ್ಲಾಂಟ್ ಹಾಡಿದ ‘ಆಲ್ ಮೈ ಲವ್’ನಲ್ಲಿ ಗಿಟಾರ್ ಹಿಂದೆ ಸರಿದು ಕೀಬೋರ್ಡ್ ಮುಂದೆ ಬರುತ್ತದೆ. ಆಲ್ಬಮ್ಮಿನ ಜೀವಾಳ ಇದೇ. ಪೇಜ್‌ಗೆ ಮಾತ್ರ ಈ ಮೃದುತನ ಅಷ್ಟಾಗಿ ಹಿಡಿಸಲಿಲ್ಲ.

ಹೊದಿಕೆಯದ್ದಂತೂ ಬೇರೆಯೇ ಕಥೆ: ಆರು ಬಗೆಯ ಚಿತ್ರ, ಮೇಲೊಂದು ಕಂದು ಕಾಗದದ ಚೀಲ; ಒಳಕವಚಕ್ಕೆ ನೀರು ತಾಕಿದರೆ ಬಣ್ಣ ಮೂಡುತ್ತಿತ್ತು.

1980ರ ಸೆಪ್ಟೆಂಬರ್‌ನಲ್ಲಿ ಬಾನ್ಹಮ್ ನಿಧನರಾದರು. ವರ್ಷ ಮುಗಿಯುವ ಮೊದಲೇ ತಂಡ ವಿಸರ್ಜನೆಯಾಯಿತು.